ತಿರುವಿನಲ್ಲಿ ನಿಲ್ಲದ ಗಾಡಿ

ಪೀಣ್ಯ ಎರಡನೇ ಹಂತದ ಸರ್ಕಾರಿ ಪ್ರೌಢಶಾಲೆಗೆ ರೋಬೋಟುಗಳು ಬಂದದ್ದು ೨೦೧೫ರಲ್ಲಿ. ಒಂದು ಕಂಪನಿಯವರು ಕೊಟ್ಟದ್ದು. ಅಂಗೈ ಮೇಲೆ ಕೂರುವಷ್ಟು ಚಿಕ್ಕವು, ಎರಡು ಚಕ್ರ, ಹೊಟ್ಟೆಯಡಿಯಲ್ಲಿ ನೆಲದ ಕಪ್ಪು ಗೆರೆ ಗುರುತಿಸುವ ಪುಟ್ಟ ಕಣ್ಣು. ಮಕ್ಕಳು ಅವನ್ನು ಗಾಡಿ ಎಂದೇ ಕರೆದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಅದೇ ಪ್ರೋಗ್ರಾಂ. ವೈರು ಚುಚ್ಚಿ ಅದನ್ನು ಗಾಡಿಗೆ ಇಳಿಸಿದರೆ ಗಾಡಿ ಹಾಗೇ ನಡೆಯುತ್ತಿತ್ತು.

ಕಲಿಸುವುದಕ್ಕೆ ಪ್ರತಿ ಶನಿವಾರ ಕಂಪನಿಯಿಂದ ಬಾಲಾಜಿ ಸಾರ್ ಬರುತ್ತಿದ್ದರು. ಮೊದಲ ದಿನವೇ ಅವರು ಗಾಡಿಯನ್ನು ಎತ್ತಿ ಹಿಡಿದು ಹೇಳಿದ್ದರು: "ಇದು ಗೋಡೆಗೆ ಗುದ್ದಿದ್ರೂ ನಾನು ಬೈಯಲ್ಲ ಕಣ್ರೋ. ಆದ್ರೆ ಪ್ರೋಗ್ರಾಂ ನಿಮ್ಮ ತಲೇಲೇ ಹುಟ್ಟಿರ್ಬೇಕು. ಪಕ್ಕದವ್ರದ್ದು ಕದ್ರೆ ಮಾತ್ರ ನಾನು ಸುಮ್ನಿರಲ್ಲ."

ಒಂಬತ್ತನೇ ತರಗತಿಯ ಸುಮಂಗಲಾ ಆ ಮಾತನ್ನು ನಂಬಿದಳು. ಅವಳ ಮನೆಯವರು ಸುರಪುರದ ಕಡೆಯವರು. ಅಪ್ಪ ಕಟ್ಟಡ ಕೆಲಸ, ಅವ್ವ ಹನುಮವ್ವ ಗಾರ್ಮೆಂಟ್ಸಿನಲ್ಲಿ. ತನ್ನ ಊರಿನ ಕನ್ನಡ ಮಾತಾಡಿದರೆ ಹುಡುಗಿಯರು ನಗುತ್ತಾರೆಂದು ತರಗತಿಯಲ್ಲಿ ಬಾಯಿ ಬಿಡದ ಹುಡುಗಿ, ಲ್ಯಾಪ್‌ಟಾಪಿನ ಮುಂದೆ ಕೂತರೆ ಎದ್ದೇಳುತ್ತಿರಲಿಲ್ಲ.

ವಿಜ್ಞಾನದ ಮಂಜುಶ್ರೀ ಮಿಸ್ಸಿಗೂ ಕೋಡಿಂಗ್ ಹೊಸದು. ಅವರು ಮಕ್ಕಳ ಜೊತೆ ಬೆಂಚಿನಲ್ಲೇ ಕೂತು ಕಲಿತರು. "ನಂದು ಯಾಕೆ ಸುಮ್ನೆ ಸುತ್ತುತ್ತಾ ಇದೆ ನೋಡೇ ಸುಮಂಗಲಾ," ಎಂದು ಅವಳನ್ನೇ ಕೇಳುತ್ತಿದ್ದರು. ಮಿಸ್ಸು ತನ್ನನ್ನು ಏನಾದರೂ ಕೇಳುತ್ತಾರೆಂದರೆ ಅವಳಿಗೆ ಹಿಗ್ಗು. ಶನಿವಾರಕ್ಕೆಂದೇ ಜಡೆ ಬಿಗಿಯಾಗಿ ಹೆಣೆದುಕೊಂಡು ಬರುತ್ತಿದ್ದಳು.

ಗೆರೆ ನೇರವಾಗಿದ್ದರೆ ಎಲ್ಲರ ಗಾಡಿಯೂ ಓಡುತ್ತಿತ್ತು. ಕಡಿದಾದ ತಿರುವು ಬಂದರೆ ಗೆರೆ ತಪ್ಪಿ ಬೆಂಚಿನ ಕಾಲಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಸುಮಂಗಲಾ ತನ್ನದಕ್ಕೆ ಬೇರೆ ಬುದ್ಧಿ ಕಲಿಸಿದಳು. ಗೆರೆ ತಪ್ಪಿದ ಕೂಡಲೇ ನಿಲ್ಲು. ಸ್ವಲ್ಪ ಎಡಕ್ಕೆ ನೋಡು, ಸ್ವಲ್ಪ ಬಲಕ್ಕೆ ನೋಡು. ಗೆರೆ ಕಂಡ ಕಡೆ ಹೋಗು. ನಿಧಾನವೇನೋ ನಿಧಾನ, ಆದರೆ ದಾರಿ ತಪ್ಪಲಿಲ್ಲ. ಸಂತೆಯಲ್ಲಿ ಅವ್ವನ ಕೈ ಬಿಟ್ಟುಹೋದ ಕೂಸಿನ ಹಾಗೆ ಅದು ಅತ್ತ ಇತ್ತ ನೋಡುವುದು ಕಂಡು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ಇದನ್ನ ನಾನು ಹೇಳ್ಕೊಟ್ಟಿಲ್ಲ," ಎಂದರು ಬಾಲಾಜಿ ಸಾರ್. "ಕಂಪನಿ ದೊಡ್ಡೋರು ಬಂದಾಗ ನೀನೇ ತೋರಿಸ್ಬೇಕು."

ಡಿಸೆಂಬರಿನಲ್ಲಿ ಆ ದೊಡ್ಡವರು ಬಂದರು. ಬೇರೆ ದೇಶದವರೂ ಇದ್ದರು. ಶಾಲೆಯ ಹಾಲಿನಲ್ಲಿ ಬಿಳಿ ಹಾಳೆ ಹಾಸಿ ಕಪ್ಪು ಗೆರೆ ಎಳೆದಿದ್ದರು. ಚಾರ್ಜ್ ಮಾಡಿ ತರುತ್ತೇನೆಂದು ಬೆಳಿಗ್ಗೆಯೇ ಒಯ್ದಿದ್ದ ಗಾಡಿಯನ್ನು ಬಾಲಾಜಿ ಸಾರ್ ತಂದು ಅವಳ ಕೈಗೆ ಕೊಟ್ಟರು. ಅವಳು ಗೆರೆಯ ಮೇಲಿಟ್ಟು ಗುಂಡಿ ಒತ್ತಿದಳು.

ಗಾಡಿ ಓಡಿತು. ತಿರುವು ಬಂತು. ಗಾಡಿ ನಿಲ್ಲಲಿಲ್ಲ, ಅತ್ತಿತ್ತ ನೋಡಲಿಲ್ಲ. ನೀರು ಹರಿದ ಹಾಗೆ ಬಳುಕಿ, ಮುಂದಿನ ತಿರುವನ್ನೂ ದಾಟಿ, ಕೊನೆಗೆ ಹೋಗಿ ನಿಂತಿತು. ಹಾಲೆಲ್ಲ ಚಪ್ಪಾಳೆ.

ಸುಮಂಗಲಾ ಬಗ್ಗಿ ಗಾಡಿಯನ್ನು ಎತ್ತಿಕೊಂಡಳು. ಗಾಡಿ ಅವಳದೇ. ಒಳಗಿನ ಪ್ರೋಗ್ರಾಂ ಅವಳದಲ್ಲ.

ಬಿಳಿಗೂದಲಿನ ಹೆಂಗಸೊಬ್ಬರು ಮುಂದೆ ಬಂದು, ಇದನ್ನು ಹೇಗೆ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಲಾಜಿ ಸಾರ್ ಅದನ್ನು ಕನ್ನಡಕ್ಕೆ ತಿರುಗಿಸಿ, "ಹೇಳಮ್ಮ, ಹೆದರ್ಬೇಡ," ಎಂದರು.

ಅವಳು ಮಂಜುಶ್ರೀ ಮಿಸ್ಸಿನ ಕಡೆ ನೋಡಿದಳು. ಮಿಸ್ಸು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಇದು ನಾ ಮಾಡಿದ್ದಲ್ರೀ," ಎಂದಳು ಸುಮಂಗಲಾ. ದನಿ ಗಟ್ಟಿಯಾಗಿಯೇ ಇತ್ತು. "ನಂದು ತಿರುವಿನ್ಯಾಗ ನಿಂತು ನೋಡ್ತಿತ್ತು. ಯಾರೋ ಬದಲ್ ಮಾಡ್ಯಾರ."

ಬಾಲಾಜಿ ಸಾರ್ ಮುಗುಳ್ನಗುತ್ತ ಅತಿಥಿಯ ಕಡೆ ತಿರುಗಿದರು. ಅವರಾಡಿದ ಇಂಗ್ಲಿಷ್ ಸುಮಂಗಲಾಳಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ 'ಹ್ಯಾಪಿ' ಅರ್ಥವಾಯಿತು, 'ಡ್ರೀಮ್' ಅರ್ಥವಾಯಿತು, 'ಥ್ಯಾಂಕ್ಯೂ' ಅರ್ಥವಾಯಿತು. ಆ ಹೆಂಗಸಿನ ಕಣ್ಣು ತುಂಬಿ ಬಂತು. ಸುಮಂಗಲಾಳ ಭುಜ ಬಳಸಿ ಫೋಟೋ ತೆಗೆಸಿಕೊಂಡರು. ಎರಡನೆಯ ಸಲ ಚಪ್ಪಾಳೆಯಾಯಿತು. ಕನ್ನಡ ಬಲ್ಲವರು ಹಾಲಿನ ತುಂಬ ಇದ್ದರು. ಹೆಡ್‌ಮಾಸ್ಟರರೂ ಚಪ್ಪಾಳೆ ತಟ್ಟಿದರು.

ಅತಿಥಿಗಳ ಕಾರುಗಳು ಹೋದ ಮೇಲೆ ಬಾಲಾಜಿ ಸಾರ್ ಅವಳಿಗೊಂದು ಚಾಕೊಲೇಟ್ ಡಬ್ಬಿ ಕೊಡಲು ಬಂದರು. ಅವಳು ಕೈ ಚಾಚಲಿಲ್ಲ.

"ಕೋಪಾನಾ? ನೋಡು, ಅವ್ರು ಇರೋದೇ ಐದು ನಿಮಿಷ. ಗಾಡಿ ಮಧ್ಯದಲ್ಲಿ ನಿಂತ್ರೆ ಕೆಟ್ಟೋಯ್ತು ಅಂದ್ಕೋತಾರೆ. ಮುಂದಿನ ವರ್ಷ ಪ್ರಾಜೆಕ್ಟೇ ನಿಲ್ಲಿಸಿಬಿಡ್ತಾರೆ. ನಿಮಗೋಸ್ಕರಾನೇ ಮಾಡ್ದೆ."

"ನಾ ಹೇಳಿದ್ದನ್ನೂ ಬದಲ್ ಮಾಡಿದ್ರಲ್ಲ ಸಾರ್."

ಅವರು ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಫೋನ್ ಬಂತೆಂದು ಹೊರಗೆ ಹೋದರು.

ಮಂಜುಶ್ರೀ ಮಿಸ್ಸು ಹಾಳೆ ಸುತ್ತುತ್ತಿದ್ದರು. ಸುಮಂಗಲಾ ಹತ್ತಿರ ಹೋಗಿ ನಿಂತಳು. "ನಿಮಗ ಗೊತ್ತಿತ್ತೇನ್ರೀ ಮಿಸ್?"

ಮಿಸ್ಸು ಸುತ್ತಿದ ಹಾಳೆಯನ್ನು ಬಿಚ್ಚಿ ಮತ್ತೆ ಸುತ್ತಿದರು. ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ನಂಬಲು ಸಿದ್ಧಳಾಗಿಯೇ ನಿಂತಿದ್ದಳು.

"ಬೆಳಿಗ್ಗೆ ಹೇಳಿದ್ರು," ಎಂದರು ಮಿಸ್ಸು. "ನಿಂಗೆ ಹೇಳಿದ್ರೆ ನೀನು ಒಪ್ಪಲ್ಲ ಅಂತ..."

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ.

ಮನೆಯಲ್ಲಿ ಹನುಮವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿದಳು. "ಬಾಲಾಜಿ ಸಾರ್ ಹೋಗ್ಲಿ ಬಿಡವ್ವ, ಅಂವ ಕಂಪನ್ಯಾಂವ," ಎಂದಳು ಸುಮಂಗಲಾ. "ಮಿಸ್ ನನ್ ಬಾಜೂನೇ ಕುಂತು ಕಲ್ತಾರ. ಅದು ಯಾರದಂತ ಅವ್ರಿಗೆ ಗೊತ್ತಿತ್ತು." ಅಷ್ಟು ಹೇಳಿ ಅವಳು ಅತ್ತಳು. ಹನುಮವ್ವ ಹಿಟ್ಟಿನ ಕೈಯಲ್ಲೇ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಸುಮಂಗಲಾ ಶನಿವಾರದ ತರಗತಿ ಬಿಟ್ಟಳು. ಶಾಲೆಗೆ ಇನ್ನಷ್ಟು ಲ್ಯಾಪ್‌ಟಾಪುಗಳು ಬಂದವು. ಗೇಟಿನ ಮೇಲೆ ಅವಳ ಫೋಟೋ ಇದ್ದ ಫ್ಲೆಕ್ಸ್ ಏರಿತು. ಅವಳು ಕಾಂಪೌಂಡು ಒಡೆದಿದ್ದ ಹಿಂಬದಿಯಿಂದ ಶಾಲೆಗೆ ಬರತೊಡಗಿದಳು. ವಿಜ್ಞಾನದ ಪೀರಿಯಡ್ಡಿನಲ್ಲಿ ಪ್ರಶ್ನೆ ಕೇಳಿದರೆ ಎದ್ದು ಉತ್ತರ ಹೇಳಿ ಕೂರುತ್ತಿದ್ದಳು, ಅಷ್ಟೇ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಂಜುಶ್ರೀ ಮಿಸ್ಸು ಅವಳನ್ನು ಕಾರಿಡಾರಿನಲ್ಲಿ ತಡೆದರು. "ನಂದು ತಪ್ಪಾಯ್ತು ಕಣೇ. ಅವತ್ತು ನಾನು ಬಾಯಿ ಬಿಡ್ಬೇಕಾಗಿತ್ತು, ಬಿಡ್ಲಿಲ್ಲ." ಆಮೇಲೆ ಕೇಳಿದರು: "ಎಂಟನೇ ಕ್ಲಾಸಿನ ಮಕ್ಕಳು ಕೋಡಿಂಗ್ ಕಲೀಬೇಕು ಅಂತಿದಾರೆ. ನೀನು ಹೇಳ್ಕೊಡ್ತೀಯಾ?"

ಸುಮಂಗಲಾ ಮೈದಾನದ ಕಡೆ ನೋಡಿದಳು. ಹೇಳಿಕೊಡುವ ಆಸೆ ಇತ್ತು. ಬೆರಳುಗಳು ಆ ಬಣ್ಣದ ತುಂಡುಗಳಿಗಾಗಿ ತುಡಿಯುತ್ತಿದ್ದವು.

"ಬಾಲಾಜಿ ಸಾರ್ ಇರಬಾರದ್ರೀ."

"ಇರಲ್ಲ. ನಾನು ಮಾತಾಡ್ತೀನಿ."

"ನೀವೂ ಇರಬಾರದು ಮಿಸ್."

ಮಂಜುಶ್ರೀ ಮಿಸ್ಸು ಕೀಲಿಗೊಂಚಲಿನಿಂದ, ಗಾಡಿಗಳನ್ನಿಟ್ಟಿದ್ದ ಲ್ಯಾಬಿನ ಕೀಲಿಯನ್ನು ಬಿಡಿಸಿ ಅವಳ ಕೈಯಲ್ಲಿಟ್ಟರು.

ಆ ಗುರುವಾರ ಸಂಜೆ ಎಂಟನೇ ತರಗತಿಯ ಮಕ್ಕಳು ಗದ್ದಲ ಮಾಡುತ್ತ ಲ್ಯಾಬಿಗೆ ನುಗ್ಗಿದರು. ಮಂಜುಶ್ರೀ ಮಿಸ್ಸು ಬಾಗಿಲ ತನಕ ಬಂದರು. ಸುಮಂಗಲಾ ಅವರಿಗೆ ತಲೆಬಾಗಿ ನಮಸ್ಕಾರ ಮಾಡಿದಳು. ಆಮೇಲೆ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿಕೊಂಡಳು.