ಫೈನಲ್ ದಿನದ ಚಿಲಕ

ಅವಳು ಒದ್ದೆ ಬಟ್ಟೆಯಿಂದ ಟಿವಿಯ ಗಾಜನ್ನು ಒರೆಸಿದಳು. ಮೂಲೆಯ ಅಂಟು ಕಲೆಯನ್ನು ಉಗುರಿನಿಂದ ಕೆರೆದಳು. ಅಪ್ಪನ ಕುರ್ಚಿಯನ್ನು ಕಿಟಕಿಯ ಬಳಿಗೆಳೆದಳು, ಅಣ್ಣನ ಸ್ಟೂಲನ್ನು ಗೋಡೆಗೊತ್ತಿದಳು, ಸೋದರತ್ತೆಯ ಚಾಪೆ ಹಾಸಿದಳು. ಯಾರೂ ತುಟಿ ಎರಡು ಮಾಡಲಿಲ್ಲ. ಫೈನಲ್ ದಿನ ಬಾಯಿ ಬಿಟ್ಟರೆ ಗೆಲುವು ಹಾರಿಹೋದೀತೆಂಬ ಭಯ.

ಕ್ರಿಕೆಟ್ಟಾಗಲಿ, ಫುಟ್‌ಬಾಲಾಗಲಿ, ಆ ಸೀಮೆಯ ತಂಡಗಳೆಲ್ಲ ಒಂದೇ ಅಚ್ಚಿನವು. ಫೈನಲ್ ತನಕ ಎದೆಯುಬ್ಬಿಸಿಕೊಂಡು ಹೋಗಿ ಕಪ್ಪಿನ ಮುಂದೆ ಕೈಕಾಲು ಬಿಡುತ್ತಿದ್ದವು. ಯಾಕೆಂದು ಕೇಳಿದರೆ ತಲೆಗೊಂದು ಉತ್ತರ. ಬಸ್ ಡಿಪೋದ ಮೆಕ್ಯಾನಿಕ್ ಅಪ್ಪ ಕೋಚನ್ನು ಬೈಯುತ್ತಿದ್ದ. ಒಳ್ಳೆಯ ಆಟಗಾರರನ್ನೆಲ್ಲ ದೊಡ್ಡ ಊರಿನವರು ಎಗರಿಸಿಕೊಂಡು ಹೋಗುತ್ತಾರೆಂದು ಅಣ್ಣ. ಅತ್ತೆಗೆ ಎಲ್ಲವೂ ಕೆಟ್ಟ ಕಣ್ಣು. ಮೂವರೂ ಒಪ್ಪಿದ್ದು ಒಂದೇ ಮಾತು: ಹಿಂದೊಮ್ಮೆ ಅವಳು ಸಾಮಾನಿನ ಕೋಣೆಯಲ್ಲಿ ಸಿಕ್ಕಿಕೊಂಡಿದ್ದಾಗ ತಂಡ ಸೆಮಿಫೈನಲ್ ಗೆದ್ದಿತ್ತು. ಅಂದಿನಿಂದ ದೊಡ್ಡ ಪಂದ್ಯವಿದ್ದರೆ ಅವಳು ಒಳಗೆ, ಚಿಲಕ ಹೊರಗೆ.

"ಆದ್ರೂ ಫೈನಲ್ ಸೋತ್ವಲ್ಲ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು.

"ನೀನು ಕೆಮ್ಮಿದ್ಯಲ್ಲೇ, ಗುಬ್ಬಿ," ಎಂದಿದ್ದಳು ಅತ್ತೆ.

ಇವತ್ತು ಟೈಲರಮ್ಮ ಅಂಗಡಿ ಎತ್ತಿಕೊಂಡು ಬೇರೆ ಊರಿಗೆ ಹೊರಟಿದ್ದಳು. ಶಾಲೆ ಬಿಟ್ಟ ಇವಳ ಕೈಗೆ ಸೂಜಿ ಕೊಟ್ಟವಳು ಅವಳೇ. "ನನ್ ಜೊತೆ ಬಾ, ಒಂದು ಮಷಿನ್ ನಿಂಗೇ. ಸಂಜೆ ವ್ಯಾನ್ ತರ್ತೀನಿ. ಆದ್ರೆ ತುಂಬಾ ಹೊತ್ತು ಕಾಯಕ್ಕಾಗಲ್ಲ," ಎಂದಿದ್ದಳು. ಅಪ್ಪನೂ ಹೂಂ ಅಂದಿದ್ದ: "ಮ್ಯಾಚ್ ಮುಗೀಲಿ, ಹೋಗುವಿಯಂತೆ."

ಹೊರಗಿನಿಂದ ಚಿಲಕ ಬಿದ್ದ ಮೇಲೆ ಅವಳು ಸಾಮಾನಿನ ಕೋಣೆಯ ಮೂಟೆಯ ಮೇಲೆ ಕುಳಿತು ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಬಾಗಿಲ ಸಂದಿಯಲ್ಲಿ ಟಿವಿಯ ಬೆಳಕು ಕುಣಿಯುತ್ತಿತ್ತು. ಮೊದಲ ಗೋಲು ತಮ್ಮದೇ! ಅಣ್ಣ ಕುಣಿದದ್ದಕ್ಕೆ ನೆಲ ನಡುಗಿತು. ಆಮೇಲೆ ತಂಡ ಮುಂದಕ್ಕೆ ಹೋಗಲೇ ಇಲ್ಲ. ಎಲ್ಲರೂ ತಮ್ಮ ಗೋಲಿನ ಮುಂದೆ ಮುದುರಿಕೊಂಡಿದ್ದಾರೆಂದು ಟಿವಿಯವನು ಹೇಳುತ್ತಿದ್ದ.

"ಹಾಗೇ ಇರ್ರೋ! ಯಾರೂ ಎಲ್ಲೂ ಹೋಗ್ಬೇಡಿ!" ಅಪ್ಪ ಕೂಗಿದ.

ಇನ್ನೊಂದು ಗೋಲು ಹೊಡೆದರಾಗದೇ ಎಂದು ಅವಳಿಗನ್ನಿಸಿತು. ಆದರೂ ಆಟ ಇನ್ನೇನು ಮುಗಿಯಿತು. ಚೀಲದ ದಾರವನ್ನು ಬಿಗಿದು ಕಟ್ಟಿದಳು.

ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಉಸಿರು ಬಿಗಿಹಿಡಿದಳು. ಮತ್ತೊಮ್ಮೆ ಹಾರ್ನ್. ತಡೆಯಲಾರದೆ ಬಾಗಿಲು ತಟ್ಟಿದಳು. "ಅಪ್ಪಾ, ವ್ಯಾನ್ ಬಂತು."

ಅದೇ ಗಳಿಗೆಗೆ ಎದುರಾಳಿಗಳು ಗೋಲು ಹೊಡೆದರು.

"ತಟ್ಟಿದ್ಲಲ್ಲಪ್ಪಾ! ಕೈ ಸುಮ್ನಿರಲ್ಲ ಇವಳ್ದು!" ಅಣ್ಣನ ದನಿ ಅಳುವಂತಿತ್ತು.

"ಉಸಿರೆತ್ತಿದ್ರೆ ನೋಡು," ಎಂದ ಅಪ್ಪ. "ಇನ್ನೂ ಆಟ ಇದೆ."

ಹೆಚ್ಚುವರಿ ಸಮಯ ಶುರುವಾಯಿತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಕುಳಿತಳು. ಹೊರಗೆ ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಟೈಲರಮ್ಮ ಹೇಳಿದ್ದಕ್ಕಿಂತ ಹೆಚ್ಚೇ ಕಾಯುತ್ತಿದ್ದಳು. ಕೊನೆಗೆ ಟಿವಿಯಲ್ಲಿ ಜನ ಹುಚ್ಚೆದ್ದು ಕೂಗಿದರು. ಆದರೆ ಮನೆಯ ನೆಲ ನಡುಗಲಿಲ್ಲ.

ಸೋತಿದ್ದರು. ಅಂದರೆ ಮ್ಯಾಚ್ ಮುಗಿದಿತ್ತು.

ಯಾರೋ ಟಿವಿ ಆರಿಸಿದರು. ಬಾಗಿಲ ಸಂದಿ ಕಪ್ಪಾಯಿತು. ಕುರ್ಚಿ ಸರಿದ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ಮೂವರೂ ತಮ್ಮ ತಮ್ಮ ಜಾಗದಲ್ಲೇ ಇದ್ದರು.

"ಅಪ್ಪಾ," ಎಂದಳು ಮೆಲ್ಲಗೆ.

ವ್ಯಾನಿನ ಗೇರು ಬಿದ್ದ ಸದ್ದಾಯಿತು.

"ಅಪ್ಪಾ, ಚಿಲಕ ತೆಗೀರಿ."