ಎಸ್ಟೀಮಿಗೆ ಹೊಸ ಗ್ಯಾಸು

ಕಳೆದ ಏಪ್ರಿಲ್‌ನಲ್ಲಿ ಗುಬ್ಬಿಯ ಮದುವೆಯೊಂದರಿಂದ ತುಮಕೂರಿಗೆ ಹಿಂದಿರುಗುವಾಗ ರೇವಣಸಿದ್ದಯ್ಯನವರಿಗೆ ಕಾರಿನಲ್ಲೇ ತಲೆ ಸುತ್ತಿತು. ನೆತ್ತಿಯ ಮೇಲೆ ಬಿಸಿಲು. ಕಿಟಕಿಯಿಂದ ಬರುತ್ತಿದ್ದ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಮಂಡಿನೋವೆಂದು ಹೆಂಡತಿ ಗಂಗಾಂಬಿಕೆ ಮನೆಯಲ್ಲೇ ಉಳಿದಿದ್ದರು. ಹೇಗೋ ಕಾರನ್ನು ರಸ್ತೆ ಪಕ್ಕದ ಹುಣಸೆಮರದ ಕೆಳಗೆ ತಂದು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕುಳಿತುಬಿಟ್ಟರು.

ಸಂಜೆ ಊರು ತಲುಪಿ ಹೋಗಿ ಕಂಡಾಗ ಡಾಕ್ಟರು ಬಿಪಿ ನೋಡಿ ಬೈದರು. "ಈ ವಯಸ್ಸಲ್ಲಿ, ಈ ಬಿಸಿಲಲ್ಲಿ, ಎಸಿ ಇಲ್ದೇ ಇರೋ ಕಾರಾ? ಇನ್ಮೇಲೆ ಹಂಗೆ ಓಡಿಸ್ಬೇಡಿ."

ಮರುದಿನ ಬೆಳಿಗ್ಗೆಯೇ ಅವರು ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಕಾರಿನ ಎಸಿ ರಿಪೇರಿ ಮಾಡುವ ಭಾನುಪ್ರಕಾಶನ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು.

ಅದು ಎಸ್ಟೀಮ್ ಕಾರು ಮಾರುಕಟ್ಟೆಗೆ ಮೊದಲು ಬಂದಾಗಿನ ಗಾಡಿ. ರೇವಣಸಿದ್ದಯ್ಯ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದಾಗ ಕೊಂಡದ್ದು. ತುಮಕೂರಿನ ಸದಾಶಿವನಗರದ ಅವರ ರಸ್ತೆಯಲ್ಲಿ ಎಲ್ಲರೂ ಎರಡು ಮೂರು ಸಲ ಕಾರು ಬದಲಾಯಿಸಿದರೂ ಇವರು ಬದಲಾಯಿಸಲಿಲ್ಲ. ಒಂದು ಸ್ಕ್ರೂ ಕೂಡ ಹೊರಗಿನದಲ್ಲ, ಎಲ್ಲ ಕಂಪನಿಯದೇ ಎಂದು ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಿದ್ದರು. ಎಸಿಯ ಗ್ಯಾಸು ಸೋರಿಹೋಗಿ ವರ್ಷಗಳಾದರೂ ಅದನ್ನು ಸರಿಮಾಡಿಸಿರಲಿಲ್ಲ.

ಭಾನುಪ್ರಕಾಶ ಬಾನೆಟ್ಟಿನೊಳಗೆ ಬಗ್ಗಿ ನೋಡಿದ. "ಹಳೇ ಗ್ಯಾಸು ಈಗೆಲ್ಲೂ ಬರಲ್ಲ ಸಾರ್. ಹೊಸ ಗ್ಯಾಸಿಗೆ ಕನ್ವರ್ಟ್ ಮಾಡ್ಬೇಕು. ಪೈಪಲ್ಲಿರೋ ಹಳೇ ಆಯಿಲ್ ಪೂರ್ತಿ ತೊಳೆದು, ಸೀಲು, ಡ್ರೈಯರು ಎಲ್ಲಾ ಬೇರೆ ಹಾಕ್ಬೇಕು. ಆವತ್ತೂ ಇದನ್ನೇ ಹೇಳಿದ್ದೆ."

"ಯಾವತ್ತು?"

"ಮೇಡಮ್ನೋರೂ ಬಂದಿದ್ರಲ್ಲಾ ಸಾರ್. ಪಾಪ, ಅದೇ ಸ್ಟೂಲ್ ಮೇಲೆ ಕೂತ್ಕೊಂಡು ಪೇಪರಲ್ಲಿ ಗಾಳಿ ಬೀಸ್ಕೊಳ್ತಿದ್ರು. ಮಾಡ್ಸೇ ಬುಡಿ ಅಂತ ಅವ್ರು ಅಂದ್ರು. ಕಂಪ್ನಿ ಪಾರ್ಟ್ ಕೀಳೋದು ಬ್ಯಾಡ ಅಂತ ನೀವು ಗಾಡಿ ತಗೊಂಡು ಹೋದ್ರಿ."

ರೇವಣಸಿದ್ದಯ್ಯನವರಿಗೆ ನೆನಪಾಯಿತು. ಆಗ ಗಂಗಾಂಬಿಕೆಗೆ ಮುಟ್ಟು ನಿಲ್ಲುವ ಕಾಲ. ಇದ್ದಕ್ಕಿದ್ದಂತೆ ಮೈಯೊಳಗಿಂದ ಬೆಂಕಿ ಎದ್ದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಅದೇ ಬೇಸಿಗೆಯಲ್ಲಿ ಮಗಳು ಮಧುಶ್ರೀಯ ಸಂಬಂಧ ಮಾತಾಡಲು ಕುಣಿಗಲ್ಲಿಗೆ ಹೋಗಿದ್ದರು. ಹೆಬ್ಬೂರು ದಾಟುವಷ್ಟರಲ್ಲಿ ಗಂಗಾಂಬಿಕೆಯ ರೇಷ್ಮೆ ಸೀರೆಯ ರವಿಕೆ ಬೆನ್ನಿಗೆ ಅಂಟಿತ್ತು. ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಲು ಹೇಳಿ, ಇಳಿದು, ಮುಖಕ್ಕೆ ನೀರು ಹಾಕಿಕೊಂಡು, ಸ್ವಲ್ಪ ಹೊತ್ತು ಅತ್ತರು. ರೇವಣಸಿದ್ದಯ್ಯ ಗಡಿಯಾರ ನೋಡಿಕೊಂಡು, "ಸೆಕೆ ನಿಂಗೊಬ್ಳಿಗೇನಾ? ಎಲ್ರಿಗೂ ಆಯ್ತದೆ. ಹತ್ತು ಬೇಗ," ಎಂದಿದ್ದರು. ಗಂಡಿನ ಮನೆಯವರು, ಬೀಗಿತ್ತಿಗೆ ಹುಷಾರಿಲ್ಲವೇ ಎಂದು ಪದೇ ಪದೇ ಕೇಳಿದ್ದರು.

"ಮಾಡು," ಎಂದರು ಭಾನುಪ್ರಕಾಶನಿಗೆ. "ಏನೇನು ಬೇಕೋ ಎಲ್ಲಾ ಹಾಕು."

ವಾರದೊಳಗೆ ಕಾರು ಬಂತು. ಕಾರು ಬಂದ ಮೇಲಿನ ಭಾನುವಾರ ಇಬ್ಬರೂ ಮಗಳ ಮನೆಗೆಂದು ಕುಣಿಗಲ್ಲಿಗೆ ಹೊರಟರು. ರೇವಣಸಿದ್ದಯ್ಯ ಗಾಜುಗಳನ್ನೆಲ್ಲ ಏರಿಸಿ ಎಸಿ ಹಾಕಿದರು. ತಣ್ಣನೆಯ ಗಾಳಿ ಬಂತು. ಗಾಳಿ ಬರುವ ಕಿಂಡಿಗಳನ್ನು ಹೆಂಡತಿಯ ಕಡೆಗೆ ತಿರುಗಿಸಿ, "ಹೆಂಗೈತೆ?" ಎಂದು ಕೇಳಿದರು.

"ಚೆನ್ನಾಗಿದೆ," ಎಂದ ಗಂಗಾಂಬಿಕೆ ಸ್ವಲ್ಪ ದೂರ ಹೋದ ಮೇಲೆ ಬ್ಯಾಗಿನಿಂದ ಶಾಲು ತೆಗೆದು ಮಂಡಿಯ ಮೇಲೆ ಹೊದ್ದುಕೊಂಡರು. ಮತ್ತೂ ಸ್ವಲ್ಪ ಹೊತ್ತಿಗೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು.

"ಚಳಿಯಾಯ್ತಾ?"

"ಈಗ ತಣ್ಣಗಿನ ಗಾಳಿ ತಡೆಯಲ್ಲ ಕಣ್ರೀ. ಮಂಡಿ ಹಿಡ್ಕೊಳುತ್ತೆ."

ರೇವಣಸಿದ್ದಯ್ಯ ಎಸಿ ಆರಿಸಲು ಕೈ ಚಾಚಿದರು. ಗಂಗಾಂಬಿಕೆ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದರು. "ಇರ್ಲಿ ಬುಡಿ. ಡಾಕ್ಟ್ರು ಹೇಳಿರೋದು ನಿಮ್ಗೆ."

ಕಿಂಡಿಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ರೇವಣಸಿದ್ದಯ್ಯ ಮುಂದಕ್ಕೆ ಓಡಿಸಿದರು. ತಮಗೆ ಒಂದು ದಿನ ತಲೆ ಸುತ್ತಿದ್ದಕ್ಕೆ ಮರುದಿನವೇ ಅಂಗಡಿ ಬಾಗಿಲಿಗೆ ಹೋಗಿ ನಿಂತದ್ದು, ಅವಳು ವರ್ಷಗಟ್ಟಲೆ ಬೇಯುತ್ತಿದ್ದಾಗ ಒಂದು ನಟ್ಟನ್ನೂ ಬಿಚ್ಚಲು ಬಿಡದಿದ್ದದ್ದು, ಎರಡೂ ಒಟ್ಟಿಗೆ ಎದುರಿಗೆ ಬಂದವು.

"ಆವಾಗ್ಲೇ ಮಾಡಿಸ್ಬೇಕಿತ್ತು ಗಂಗಾ. ನೀನೂ ಒಂದ್ಸಲ ಹೇಳಿ ಸುಮ್ಮನಾಗ್ಬಿಟ್ಟೆ. ಜಗಳ ಆಡಿ ಆದ್ರೂ ಮಾಡಿಸ್ಕೋಬೇಕಿತ್ತು."

ಗಂಗಾಂಬಿಕೆ ಅವರತ್ತ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದ್ಸಲ ಅಲ್ಲ. ಮೂರು ಬೇಸಿಗೆ ಕೇಳ್ದೆ. ಆಮೇಲೆ ಕೇಳೋದು ಬಿಟ್ಟು ಬಸ್ಸಲ್ಲಿ ಓಡಾಡೋಕೆ ಶುರು ಮಾಡ್ದೆ. ಬಸ್ಸಲ್ಲಿ ಕಿಟಕಿ ಸೀಟ್ ಸಿಕ್ಕಿದ್ರೆ ಈ ಕಾರಿಗಿಂತ ಚೆನ್ನಾಗಿ ಗಾಳಿ ಬರ್ತಿತ್ತು. ಬೆವರಿದ್ರೂ ಅಲ್ಲಿ ಯಾರೂ ಏನೂ ಅಂತಿರ್ಲಿಲ್ಲ."

ಗುಬ್ಬಿಯ ತವರಿಗೆ, ದೇವರಾಯನದುರ್ಗಕ್ಕೆ, ಮಗಳ ಬಾಣಂತನಕ್ಕೆ ಕುಣಿಗಲ್ಲಿಗೆ, ಅವರು ಬಸ್ಸಿನಲ್ಲೇ ಹೋಗುತ್ತಿದ್ದರು. ಜೊತೆಗೆ ಹೆಂಗಸರಿರುತ್ತಾರೆ, ಹರಟೆ ಹೊಡೆಯಲು ಅವಳಿಗಿಷ್ಟ ಎಂದೇ ರೇವಣಸಿದ್ದಯ್ಯ ಇಷ್ಟು ವರ್ಷ ತಿಳಿದಿದ್ದರು. ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವಾಗ, ಪೆಟ್ರೋಲು ಉಳಿಯಿತು ಎಂದು ತಮಾಷೆಯನ್ನೂ ಮಾಡುತ್ತಿದ್ದರು.

"ನಂಗೆ ಗೊತ್ತೇ ಆಗ್ಲಿಲ್ಲ," ಎಂದರು.

"ಹೂಂ. ಅದು ನಂಗೊತ್ತು," ಎಂದು ಗಂಗಾಂಬಿಕೆ ಕಿಟಕಿಯ ಹೊರಗೆ ನೋಡತೊಡಗಿದರು.

ಮನೆಯ ಮುಂದೆ ಕಾರು ನಿಂತಾಗ ಮಧುಶ್ರೀ ಓಡಿ ಬಂದು ಬಾಗಿಲು ತೆಗೆದಳು. ಒಳಗಿನ ತಂಪು ಮುಖಕ್ಕೆ ತಾಗುತ್ತಲೇ, "ಅಯ್ಯೋ, ಎಸಿ ಮಾಡಿಸ್ಬಿಟ್ರಾ ಅಪ್ಪಾಜಿ! ಅಮ್ಮ, ನಿಂಗೆ ಎಷ್ಟು ಆರಾಮಾಯ್ತು ಅಲ್ವಾ?" ಎಂದಳು.

ಗಂಗಾಂಬಿಕೆ ಶಾಲನ್ನು ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತ ಹೇಳಿದರು: "ಹೂಂ ಕಣೇ. ಬಂದಿದ್ದೇ ಗೊತ್ತಾಗ್ಲಿಲ್ಲ."

ಗಂಗಾಂಬಿಕೆ ಮಗಳ ಭುಜ ಹಿಡಿದು ನಿಧಾನಕ್ಕೆ ಮೆಟ್ಟಿಲು ಹತ್ತಿದರು. ಊಟಕ್ಕೆ ಬನ್ನಿ ಎಂದು ಒಳಗಿನಿಂದ ಕರೆದರೂ ರೇವಣಸಿದ್ದಯ್ಯನವರಿಗೆ ಕೂಡಲೇ ಹೋಗಲಾಗಲಿಲ್ಲ. ಕಾರಿನ ಬಾಗಿಲಿಗೆ ಕೈಯೂರಿ, ಡಾಕ್ಟರು ಬೇಡವೆಂದಿದ್ದ ಬಿಸಿಲಿನಲ್ಲಿ ಹಾಗೇ ನಿಂತುಕೊಂಡರು.