ನೀರು ಮುಟ್ಟದ ಸೀಸೆ

ನನ್ನ ಲ್ಯಾಬಿನೊಳಗೆ ಯಾರೂ ಏನೂ ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ. ಡಾಕ್ಟರೇ ಕಾಫಿ ಲೋಟ ಹಿಡಕೊಂಡು ಬಂದರೂ ಹೊಸಿಲಾಚೆ ನಿಲ್ಲಿಸಿಬಿಡ್ತೀನಿ. ರಾಮಮ್ಮನಿಗೆ ಮೂಗಿನ ತುದೀಲಿ ಕೋಪ ಅಂತ ಆಸ್ಪತ್ರೇಲೆಲ್ಲ ಹೆಸರು. ಇರಲಿ ಬಿಡಿ, ಕೋಪ ಇಲ್ಲದಿದ್ದರೆ ಇಲ್ಲಿ ಒಂದು ಟ್ಯೂಬೂ ಶುಚಿಯಾಗಿ ಉಳಿಯೋದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನನ್ನನ್ನ ಈ ಸಣ್ಣ ಆಸ್ಪತ್ರೆಗೆ ಹಾಕಿದರು. ಲ್ಯಾಬ್ ಅಂದರೆ ಭಾರೀ ಅಂದುಕೋಬೇಡಿ. ಒಂದು ಕಿಟಕಿ, ಒಂದು ಮೇಜು, ಒಂದು ಸ್ಪಿರಿಟ್ ದೀಪ, ಹಳೇ ಮೈಕ್ರೋಸ್ಕೋಪು. ರಕ್ತದಲ್ಲಿ ಸಕ್ಕರೆ ನೋಡೋ ಸಲಕರಣೆ ನಮ್ಮಲ್ಲಿ ಇರಲಿಲ್ಲ. ಮೂತ್ರದಲ್ಲಿ ಮಾತ್ರ ನೋಡ್ತಿದ್ದೆವು. ಟ್ಯೂಬಿನಲ್ಲಿ ನೀಲಿ ದ್ರಾವಣ ತಗೊಂಡು, ಅದಕ್ಕೆ ನಾಲ್ಕಾರು ಹನಿ ಮೂತ್ರ ಬಿಟ್ಟು ಕಾಯಿಸೋದು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆ ಕೆಂಪಾದರೆ ಜೋರಾಗಿ ಇದೆ. ದಿನಾ ಬೆಳಿಗ್ಗೆ ಮೊದಲು ಬರೀ ನೀರಿನಲ್ಲಿ ನೋಡ್ತೀನಿ, ಆಮೇಲೆ ಗ್ಲೂಕೋಸ್ ನೀರಿನಲ್ಲಿ. ಎರಡೂ ಸರಿಯಾಗಿ ಬಂದರೇನೇ ರೋಗಿಗಳದ್ದಕ್ಕೆ ಕೈ ಹಾಕೋದು. "ಏನು ರಾಮಮ್ಮ, ಬೆಳಗಿನ ಪೂಜೆ ಮುಗೀತಾ?" ಅಂತ ಡಾಕ್ಟರ್ ಚನ್ನಮಲ್ಲಪ್ಪನವರು ತಮಾಷೆ ಮಾಡೋರು. ಆದರೆ ಆ ಪೂಜೆ ಕಲಿಸಿದ್ದೂ ಅವರೇ.

ಯಮುನ ಬಂದದ್ದು ಆ ಕಾಲದಲ್ಲಿ. ನಾಪೋಕ್ಲಿನ ಆಚೆ ಹಳ್ಳಿ, ಅರೆಭಾಷೆ ಗೌಡರ ಮನೆ ಸೊಸೆ. ಐದು ತಿಂಗಳ ಬಸುರಿ. ಹಿಂದೆ ಎರಡು ಸಲ ಹೊತ್ತದ್ದು ನಿಂತಿರಲಿಲ್ಲ. ಜೊತೆಗೆ ಅತ್ತೆ ದಮಯಂತಮ್ಮ. ಸೊಸೆ ಬಾಯಿ ತೆಗೆಯೋದಕ್ಕೆ ಮೊದಲೇ ಉತ್ತರ ಕೊಡೋ ಹೆಂಗಸು.

"ಈ ಸಲ ಎಂತ ಆದ್ರೂ ಉಳಿಸಿ ಕೊಡಿ ನರ್ಸಮ್ಮ."

"ನಾನು ನರ್ಸಲ್ಲ. ನಾಳೆ ಬೆಳಗಿನ ಮೊದಲನೇ ಮೂತ್ರ ಬೇಕು. ಶುಚಿಯಾದ ಸೀಸೇಲಿ ತನ್ನಿ."

"ನಮ್ಮ ಮನೇಲಿ ಕುಪ್ಪಿಗೆ ಬರ ಇಲ್ಲ ನರ್ಸಮ್ಮ," ಅಂದರು. ಆಕೆ ಸೀಸೆಗೆ ಕುಪ್ಪಿ ಅನ್ನೋರು. ನನ್ನನ್ನ ನರ್ಸಮ್ಮ ಅನ್ನೋದನ್ನಂತೂ ಕೊನೇವರೆಗೂ ಬಿಡಲಿಲ್ಲ.

ಮಾರನೇ ದಿನ ಮೊದಲ ಬಸ್ಸಿಗೆ ಸೀಸೆ ಬಂತು. ಒಳ್ಳೇ ಗಟ್ಟಿ ಗಾಜು, ಬಿಗಿಯಾದ ಮುಚ್ಚಳ. ಒಬ್ಬರಾದರೂ ಹೇಳಿದ ಹಾಗೆ ತಂದರಲ್ಲ ಅಂತ ಒಳಗೊಳಗೇ ಖುಷಿಯಾಯಿತು. ಕಾಯಿಸಿದೆ, ಇಟ್ಟಿಗೆ ಕೆಂಪು! ಇನ್ನೊಂದು ಟ್ಯೂಬಿನಲ್ಲಿ ಕಾಯಿಸಿದೆ, ಅದೂ ಕೆಂಪು. ಹಿಂದೆ ಎರಡು ಯಾಕೆ ಹೋದವು ಅಂತ ಈಗ ಗೊತ್ತಾಯಿತು ಅಂದುಕೊಂಡರು ಡಾಕ್ಟರು. ಅನ್ನ, ಬೆಲ್ಲ, ಜೇನು ಎಲ್ಲ ಬಂದ್ ಮಾಡಿಸಿದರು.

ಅಕ್ಕಿ ರೊಟ್ಟಿ, ಕಡುಬು, ಗಂಜಿ ಅಂತ ಮೂರು ಹೊತ್ತೂ ಅಕ್ಕಿಯಲ್ಲೇ ಬೆಳೆದ ಹುಡುಗಿ ಅದು. ಮುಂದಿನ ವಾರ ಬರೋ ಹೊತ್ತಿಗೆ ಕಣ್ಣು ಒಳಗೆ ಹೋಗಿತ್ತು. ಎರಡನೇ ಸೀಸೆಯೂ ಕೆಂಪು ತೋರಿಸಿತು.

"ಕದ್ದು ತಿಂತಿದಾಳಾ?" ಅಂತ ಸ್ವಲ್ಪ ಗಡುಸಾಗೇ ಕೇಳಿದೆ.

ದಮಯಂತಮ್ಮನಿಗೆ ರೇಗಿತು. "ಕದ್ದು ತಿನ್ನುಕೆ ಮನೇಲಿ ಅನ್ನ ಎಲ್ಲಿ ಉಂಟು? ಅವಳ ಮುಂದೆ ಹೇಗೆ ಉಣ್ಣುದು ಅಂತ ನಾನೂ ಬಿಟ್ಟಿದ್ದೇನೆ. ಇಬ್ಬರಿಗೂ ರಾಗಿ ಗಂಜಿಯೇ." ಆಮೇಲೆ ಚೀಲದಿಂದ ಒಂದು ಸೀಸೆ ಜೇನು ತೆಗೆದು ಹೊಸಿಲ ಮೇಲಿಟ್ಟರು. ಮಗ ಬೋಜಪ್ಪ ಜೇನುಪೆಟ್ಟಿಗೆ ಸಾಕಿದ್ದ. "ಹುಡುಗಿಯ ಕಣ್ಣ ಮುಂದೆ ಯಾಕೆ ಅಂತ ನಿಮಗೆ ತಂದೆ. ಕುಪ್ಪಿ ಮಾತ್ರ ವಾಪಸು ಕೊಡಿ." ನಾನು ಬಯ್ದದ್ದಕ್ಕೆ ಸರಿಯಾಗಿ ಮುಖಕ್ಕೆ ಹೊಡೆದ ಹಾಗಾಯಿತು ನನಗೆ.

ಮೂರನೇ ಸಲ ಬಂದಾಗ ಯಮುನಳಿಗೆ ಮೆಟ್ಟಿಲು ಹತ್ತೋದಕ್ಕೇ ಆಗಲಿಲ್ಲ. ಅತ್ತೆ ಸೊಂಟ ಹಿಡಿದು ಹತ್ತಿಸಿದರು. ಸೀಸೆ ತಗೊಂಡು ಕಾಯಿಸಿದೆ. ಮತ್ತೆ ಅದೇ ಕೆಂಪು.

"ಇನ್ನು ಕಾಯೋದು ಬೇಡ," ಅಂದರು ಡಾಕ್ಟರು. "ಮೈಸೂರಿಂದ ಇನ್ಸುಲಿನ್ ತರಿಸಿದ್ದೀನಿ. ಇವತ್ತೇ ಶುರು ಮಾಡೋಣ." ಸಿರಿಂಜು ಕುದಿಯೋದಕ್ಕೆ ಇಟ್ಟು ವಾರ್ಡಿನ ಕಡೆ ಹೋದರು.

ನನಗೆ ಯಾಕೋ ಸಂಕಟ. ಕೈ ಸುಮ್ಮನೆ ಇರಲಾರದೆ, ಜೇನನ್ನ ಬೇರೆ ಡಬ್ಬಿಗೆ ಸುರಿದಿಟ್ಟು ವಾಪಸು ತಂದಿದ್ದ ಖಾಲಿ ಸೀಸೆಯನ್ನಾದರೂ ತೊಳೆದು ಕೊಡೋಣ ಅಂತ ವರಾಂಡದ ನಲ್ಲಿಗೆ ಹಿಡಿದೆ. ಅಷ್ಟು ಹೊತ್ತು ಸಪ್ಪಗೆ ಕೂತಿದ್ದ ದಮಯಂತಮ್ಮ ಕಿರುಚಿಕೊಂಡರು.

"ಅಯ್ಯಯ್ಯೋ, ನೀರು ಹಾಕಿದ್ರಾ! ಹಾಳು ಮಾಡಿದ್ರಲ್ಲ ನರ್ಸಮ್ಮ!"

"ಏನಾಯ್ತು? ತೊಳೀತಿದೀನಪ್ಪ!"

"ಜೇನಿನ ಕುಪ್ಪಿಗೆ ನೀರು ಮುಟ್ಟಿಸುದುಂಟಾ? ಒಂದು ಹನಿ ಪಸೆ ಉಳಿದ್ರೂ ಮುಂದಿನ ಜೇನು ಹುಳಿ ಬರ್ತದೆ. ನಾವು ಬಿಸಿಲಲ್ಲಿ ಮಗುಚಿ ಇಟ್ಟು ಬಸಿದು, ಒಣ ಬಟ್ಟೇಲಿ ಬಾಯಿ ಒರೆಸುದು ಅಷ್ಟೇ. ನಮ್ಮ ಮನೆಯ ಯಾವ ಕುಪ್ಪಿಯೂ ನೀರು ಕಂಡದ್ದಿಲ್ಲ!"

ನಲ್ಲಿ ಸುರೀತಾನೇ ಇತ್ತು. ನಾನು ಆಕೆಯ ಮುಖ ನೋಡಿದೆ, ಕೈಯಲ್ಲಿದ್ದ ಸೀಸೆ ನೋಡಿದೆ. ಅದೇ ಗಟ್ಟಿ ಗಾಜು, ಅದೇ ಬಿಗಿ ಮುಚ್ಚಳ.

"ದಮಯಂತಮ್ಮ, ಮೂತ್ರ ತಂದ ಸೀಸೆಗಳು?"

"ಅದೇ ಮತ್ತೆ. ಒಂದು ಸಲ ಅದಕ್ಕೆ ಬಳಸಿದ ಮೇಲೆ ಬಿಸಾಡುವುದೇ ಅಲ್ವಾ? ಪ್ರತಿ ಸಲ ಹೊಸದಾಗಿ ಬಸಿದು ಒಣಗಿಸಿದ್ದು ತಂದದ್ದು. ನೀವು ಶುಚಿ ಅಂದ್ರಲ್ಲ!"

ದೇವರೇ! ನನ್ನ ಟ್ಯೂಬು ಶುಚಿ, ನನ್ನ ದ್ರಾವಣ ಸರಿ, ಬೆಳಗಿನ ಪೂಜೆ ಚಾಚೂ ತಪ್ಪಿಲ್ಲ. ನನ್ನ ಬಾಗಿಲು ದಾಟೋ ಮೊದಲೇ ಜೇನು ಬೆರೆತು ಬರ್ತಿತ್ತು. ಸಕ್ಕರೆ ಕಾಯಿಲೆ ಇಲ್ಲದ, ಅದೂ ಅರೆಹೊಟ್ಟೆಯ ಬಸುರಿಗೆ ಆ ಸೂಜಿ ಚುಚ್ಚಿದರೆ ತಾಯಿ ಉಳಿಯೋದೇ ಕಷ್ಟ, ಇನ್ನು ಮಗು ಎಲ್ಲಿಂದ ಬಂತು?

"ಡಾಕ್ಟ್ರೇ, ಸೂಜಿ ಚುಚ್ಚಬೇಡಿ!" ಅಂತ ವಾರ್ಡಿನವರೆಗೆ ಕೇಳೋ ಹಾಗೆ ಕೂಗಿದೆ.

ಅವರು ಓಡಿ ಬಂದರು. ಸೀಸೆಯೊಳಗೆ ಬಿದ್ದಿದ್ದ ನೀರನ್ನ ಕುಲುಕಿ, ಅದರದ್ದೇ ಹನಿ ಬಿಟ್ಟು ಅವರ ಎದುರಿಗೇ ಕಾಯಿಸಿದೆ. ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ, ಕೊನೆಗೆ ಇಟ್ಟಿಗೆ ಕೆಂಪು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ನಲ್ಲಿ ನೀರಾ?"

"ನಲ್ಲಿ ನೀರು. ಸೀಸೆ ಜೇನಿಂದು."

"ಹಾಗಾದ್ರೆ ಇನ್ಸುಲಿನ್ ಸೀಸೆಗೆ ಕೊಡೋಣ್ವಾ ರಾಮಮ್ಮ?" ಅಂದರು. ಹೋಗಿ ಕುದಿಯೋದಕ್ಕೆ ಇಟ್ಟಿದ್ದ ಸಿರಿಂಜನ್ನ ಕೆಳಗಿಳಿಸಿದರು.

ನಾನೇ ಕುದಿಸಿ ಆರಿಸಿದ್ದ ಗಾಜಿನ ಲೋಟ ಕೊಟ್ಟು ಯಮುನಳನ್ನ ಪಕ್ಕದ ಕೋಣೆಗೆ ಕಳಿಸಿದೆ. ತಂದದ್ದನ್ನ ಕಾಯಿಸಿದೆ. ಕುದೀತು, ಕುದೀತು, ಬಣ್ಣ ಅಲ್ಲಾಡಲಿಲ್ಲ.

"ನೀಲಿ," ಅಂದೆ.

"ಹಸಿದ ಹೊಟ್ಟೇಲಿ ನೀಲಿ ಬಂದ್ರೆ ಸಾಲದು," ಅಂದರು ಡಾಕ್ಟರು. "ಹೊಟ್ಟೆ ತುಂಬ ಅನ್ನ ಕೊಡಿ. ಆಮೇಲೆ ಇನ್ನೊಮ್ಮೆ ನೋಡೋಣ. ಆಗಲೂ ನೀಲಿ ಬಂದ್ರೆ ಮಾತ್ರ ನಾನು ನಂಬೋದು."

ಯಮುನ ಅವತ್ತು ಮೊದಲ ಸಲ ತಾನಾಗೇ ಬಾಯಿ ಬಿಟ್ಟಳು. "ಅನ್ನವಾ? ಅನ್ನ ತಿನ್ನಬಹುದಾ?"

ನನ್ನ ಬುತ್ತಿಯಲ್ಲಿ ಅನ್ನ, ಬಸ್ಸಾರು ಇತ್ತು. ತಂದು ಅವಳ ಕೈಗಿಟ್ಟೆ. "ಲ್ಯಾಬಿನೊಳಗೆ ಬೇಡ, ಆಚೆ ಕೂತು ತಿನ್ನು," ಅಂತ ಗದರಿಸಿ ನನ್ನ ಸ್ಟೂಲನ್ನೇ ವರಾಂಡಕ್ಕೆ ಹೊತ್ತು ಹಾಕಿದೆ. ತಿಂದಳು ಪುಣ್ಯಾತ್ಗಿತ್ತಿ, ತಲೆ ಎತ್ತದೆ ತಿಂದಳು.

ದಮಯಂತಮ್ಮ ಕಂಬಕ್ಕೆ ಒರಗಿ ನೆಲ ನೋಡ್ತಾ ನಿಂತಿದ್ದರು. "ನೀವೂ ಎರಡು ತುತ್ತು ತಗೊಳ್ಳಿ," ಅಂದೆ.

"ಬೇಡ. ಇನ್ನೊಂದು ಸಲ ನೋಡ್ಬೇಕು ಅಂದ್ರಲ್ಲ. ಅದೂ ನೀಲಿ ಬರ್ಲಿ." ಆಮೇಲೆ ಮೆಲ್ಲಗೆ, "ನನ್ನ ಕೈಯಾರೆ ಉಪವಾಸ ಹಾಕಿದೆನಲ್ಲ ನರ್ಸಮ್ಮ. ಬೇರೆ ಯಾರಾದ್ರೂ ಹಾಕಿದ್ರೆ ಬಯ್ಯಬಹುದಿತ್ತು," ಅಂದರು.

"ಸುಮ್ಮನಿರಿ. ಯಾವ ಸೀಸೆ ಅಂತ ನಾನೂ ಒಂದು ಮಾತು ಕೇಳಲಿಲ್ಲ." ಆಕೆಯಷ್ಟು ಅಚ್ಚುಕಟ್ಟಾಗಿ ಹೇಳಿದ ಮಾತು ಕೇಳಿದವರು ಆ ವರ್ಷ ಇನ್ನೊಬ್ಬರಿರಲಿಲ್ಲ.

ಯಮುನ ಬುತ್ತಿಯ ತಳದಲ್ಲಿ ಒಂದು ಹಿಡಿ ಉಳಿಸಿ ಮುಚ್ಚಳ ಹಾಕಿದಳು. ಯಾಕೆ ಅಂತ ನಾನು ಕೇಳಲಿಲ್ಲ.

ಮಧ್ಯಾಹ್ನದ ಬಸ್ಸು ಹೋಯಿತು. ಅವರು ಹತ್ತಲಿಲ್ಲ. ಆಮೇಲೆ ಇನ್ನೊಂದು ಲೋಟ ಕೊಟ್ಟೆ, ಇನ್ನೊಂದು ಟ್ಯೂಬು ಕಾಯಿಸಿದೆ. ಡಾಕ್ಟರು ಕಿಟಕಿ ಹತ್ತಿರ, ಅತ್ತೆ ಸೊಸೆ ಹೊಸಿಲಾಚೆ. ಕುದಿದದ್ದು ಆರಿದ ಮೇಲೆ ಟ್ಯೂಬನ್ನ ಬೆಳಕಿಗೆ ಹಿಡಿದೆ.

ದಮಯಂತಮ್ಮ ಕಣ್ಣು ಮುಚ್ಚಿಕೊಂಡಿದ್ದರು. "ಹೇಳಿ ನರ್ಸಮ್ಮ."

"ಕಣ್ಣು ಬಿಟ್ಟು ನೀವೇ ನೋಡಿ," ಅಂದೆ.

ನೋಡಿದರು. ನೀಲಿ. ಹಾಗೇ ಹೊಸಿಲ ಪಕ್ಕ ಕೂತರು. ಯಮುನ ಬುತ್ತಿಯ ಮುಚ್ಚಳ ತೆಗೆದಳು. ಉಳಿಸಿದ್ದ ಆ ಹಿಡಿ ಅನ್ನವನ್ನ ಕಲಸಿ ಅತ್ತೆಯ ಬಾಯಿಗೆ ಹಿಡಿದಳು.

"ತಿನ್ನಿ ಅತ್ತೆ. ನೀವೂ ಬಿಟ್ಟಿದ್ರಲ್ಲ."